ಲೈಟ್ ಬಿಲ್ ಇಳಿಸಬೇಕು, ಸರಿ. ಮೊದಲು ಫ್ಯಾನೋ, ಏಸಿಯೋ, ಸೋಲಾರೋ?

ಮುಂಬೈಯಲ್ಲಿ ಏಪ್ರಿಲ್ ಬಿಲ್ ಬಂದ ಮೇಲೆ ನಮ್ಮವರು ಸೇರಿದಲ್ಲೆಲ್ಲ ಇದೇ ಮಾತು. ಡೊಂಬಿವಲಿಯವರು ಹಳೆ ಏಸಿ ತೆಗೆದು ಫೈವ್ ಸ್ಟಾರ್ ಹಾಕಿಸೋಣವೇ ಎಂದು ಕೇಳುತ್ತಾರೆ. ಮುಲುಂಡಿನವರಿಗೆ ಫ್ಯಾನ್ ಬದಲಿಸಿದರೆ ನಿಜವಾಗಿ ಉಳಿಯುತ್ತದೆಯೇ ಎಂಬ ಅನುಮಾನ. ಪುಣೆಯಲ್ಲಿ ಸ್ವಂತ ಮನೆ ಇರುವವರು ಸೋಲಾರ್ ಸಬ್ಸಿಡಿಯ ವಿಷಯ ಎತ್ತುತ್ತಾರೆ. ಇವರೆಲ್ಲರ ಕೈಯಲ್ಲೂ ಒಂದಿಷ್ಟು ದುಡ್ಡಿದೆ. ಅದನ್ನು ಎಲ್ಲಿ ಮೊದಲು ಹಾಕಬೇಕು ಅನ್ನುವುದೇ ಗೊಂದಲ.

ಅಂಗಡಿಯವರು ಕರೆಂಟ್ ಉಳಿತಾಯ ಹೇಳುವ ಸ್ಟಾರ್ ಎಣಿಸಿ ತೋರಿಸುತ್ತಾರೆ. ನಾನು ಮೊದಲು ನೋಡುವುದು ಗಂಟೆಯನ್ನು. ಆ ವಸ್ತು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ? ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಬರೀ 75 ವ್ಯಾಟಿನ ಫ್ಯಾನ್ ಹದಿಮೂರು ಗಂಟೆ ಓಡಿದರೂ ಹೆಚ್ಚುಕಡಿಮೆ ಅಷ್ಟೇ. ಹೆಸರು ಕೆಟ್ಟದ್ದು ಮಾತ್ರ ಇಸ್ತ್ರಿಪೆಟ್ಟಿಗೆಯದ್ದು.

ಎರಡನೆಯದು ಸ್ಲ್ಯಾಬ್, ಅಂದರೆ ಯೂನಿಟ್ ದರದ ಮೆಟ್ಟಿಲು. ಕರೆಂಟ್ ಕೊಡುವ ಕಂಪನಿಗಳು ಹಲವು: ಕೊಲಾಬಾದಿಂದ ಮಾಹಿಮ್, ಸಯನ್‌ವರೆಗೆ ಬೆಸ್ಟ್, ಉಪನಗರಗಳಲ್ಲಿ ಅದಾನಿ ಮತ್ತು ಟಾಟಾ, ಮುಲುಂಡ್, ಠಾಣೆ, ಡೊಂಬಿವಲಿ, ಪುಣೆಗೆ ಮಹಾವಿತರಣ. ಕಂಪನಿ ಯಾವುದಾದರೂ ಮಹಾರಾಷ್ಟ್ರದಲ್ಲಿ ಮನೆ ಬಳಕೆಯ ಮೆಟ್ಟಿಲುಗಳು ಒಂದೇ: 100 ಯೂನಿಟ್‌ವರೆಗೆ, 300ರವರೆಗೆ, 500ರವರೆಗೆ, ಅದರ ಮೇಲೆ. ಮೆಟ್ಟಿಲು ಹತ್ತಿದಂತೆ ಯೂನಿಟ್ ದರ ಏರುತ್ತದೆ. ಆದರೆ 101ನೇ ಯೂನಿಟ್ ಬಂದ ಕೂಡಲೇ ಹಿಂದಿನ ನೂರಕ್ಕೂ ಹೊಸ ದರ ಬೀಳುತ್ತದೆ ಎಂದು ತುಂಬ ಜನ ತಿಳಿದುಕೊಂಡಿದ್ದಾರೆ. ಹಾಗಿಲ್ಲ. ಆಯಾ ಮೆಟ್ಟಿಲಿನ ಯೂನಿಟ್‌ಗೆ ಆಯಾ ದರ. ಉಳಿತಾಯ ಮಾಡಿದಾಗ ಯೂನಿಟ್ ಕಡಿಮೆಯಾಗುವುದು ಮೇಲಿನಿಂದ, ಅಂದರೆ ಅತಿ ದುಬಾರಿ ಕಡೆಯಿಂದ. ತಿಂಗಳಿಗೆ 340 ಯೂನಿಟ್ ಸುಡುವ ಮನೆಯಲ್ಲಿ ಉಳಿಸಿದ ಮೊದಲ 40 ಯೂನಿಟ್‌ಗೆ ಬೆಲೆ ಜಾಸ್ತಿ. 90 ಯೂನಿಟ್ ಸುಡುವ ಮನೆಯಲ್ಲಿ ಅಷ್ಟೇ ಉಳಿಸಿದರೆ ಸಿಗುವುದು ಕಮ್ಮಿ. ಒಂದೇ ಫ್ಯಾನ್ ಎರಡು ಮನೆಗೆ ಎರಡು ಥರದ ಲಾಭ ಕೊಡುವುದು ಇದಕ್ಕೇ. ಕೆಳಗೆ ಲೆಕ್ಕ ಸುಲಭವಾಗಲಿ ಎಂದು ಯೂನಿಟ್‌ಗೆ 10 ರೂಪಾಯಿ ಹಿಡಿದಿದ್ದೇನೆ. ನಿಮ್ಮ ಬಿಲ್ ಹಿಂದೆ ಮುಂದೆ ತಿರುಗಿಸಿ ನೋಡಿ, ನಿಮ್ಮ ದರ ಹಾಕಿಕೊಳ್ಳಿ.

ಮೂರನೆಯದು ಮನೆ ಯಾರದು ಎಂಬುದು. ಹನ್ನೊಂದು ತಿಂಗಳ ಲೀವ್ ಆಂಡ್ ಲೈಸೆನ್ಸ್ ಬಾಡಿಗೆ ಕರಾರಿನ ಮೇಲೆ ಇರುವವರು ಗೋಡೆಗೆ, ಕಿಟಕಿಗೆ, ಟೆರೇಸಿಗೆ ಸುರಿದ ದುಡ್ಡು ಮನೆ ಮಾಲೀಕರಿಗೆ ಹೋಗುತ್ತದೆ. ಮನೆ ಬಿಡುವಾಗ ಟೆಂಪೋದಲ್ಲಿ ಹತ್ತಿಸಿಕೊಂಡು ಹೋಗಬಹುದಾದ್ದು ಮಾತ್ರ ನಿಮ್ಮದು. ಇನ್ನೊಂದು ಸಣ್ಣ ಪ್ರಶ್ನೆ, ಆದರೆ ಮರೆಯಬೇಡಿ: ಕೆಟ್ಟರೆ ರಿಪೇರಿ ಮಾಡುವವರು ಯಾರು?

ಟ್ಯೂಬ್‌ಲೈಟ್ ಮತ್ತು ಫ್ಯಾನ್

ದೀಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಲ್ಬುಗಳು ಹೆಚ್ಚಿನ ಮನೆಗಳಲ್ಲಿ ಎಲ್‌ಇಡಿ ಆಗಿಬಿಟ್ಟಿವೆ. ಅಡುಗೆಮನೆಯಲ್ಲೋ ಹಾಲಿನಲ್ಲೋ ಚೋಕ್ ಇರುವ ಹಳೆ ಟ್ಯೂಬ್‌ಲೈಟ್ ಇನ್ನೂ ಉಳಿದಿದ್ದರೆ ಚೋಕ್ ಸೇರಿ ಅದು 50 ವ್ಯಾಟ್ ಆಸುಪಾಸು ಎಳೆಯುತ್ತದೆ. 20 ವ್ಯಾಟಿನ ಎಲ್‌ಇಡಿ ಪಟ್ಟಿ ಅಷ್ಟೇ ಬೆಳಕು ಕೊಡುತ್ತದೆ. ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್ ಉಳಿತಾಯ. ಇನ್ನೂರು ಮುನ್ನೂರು ರೂಪಾಯಿ ಖರ್ಚು ಏಳೆಂಟು ತಿಂಗಳೊಳಗೆ ವಾಪಸ್. ಬಾಡಿಗೆ ಮನೆಯಾದರೂ ಹಾಕಿಬಿಡಿ.

ಫ್ಯಾನ್ ಹಾಗಲ್ಲ, ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮುಂಬೈಯಲ್ಲಿ ಫ್ಯಾನ್‌ಗೆ ರಜೆಯೇ ಇಲ್ಲ, ಅಲ್ವಾ? ಡಿಸೆಂಬರಿನಲ್ಲೂ ಸೊಳ್ಳೆ ಓಡಿಸಲಿಕ್ಕಾದರೂ ತಿರುಗುತ್ತದೆ. ಸಾಮಾನ್ಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ 70ರಿಂದ 80 ವ್ಯಾಟ್ ತೆಗೆದುಕೊಳ್ಳುತ್ತದೆ. ಕಡಿಮೆ ಕರೆಂಟ್ ಎಳೆಯುವ ಹೊಸ ಥರದ ಮೋಟಾರಿರುವ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಆಸುಪಾಸು ಸಾಕು. ಹಾಲಿನಲ್ಲೋ ಮಲಗುವ ಕೋಣೆಯಲ್ಲೋ ದಿನಕ್ಕೆ 15 ಗಂಟೆ ಓಡುವ ಫ್ಯಾನ್ ಬದಲಿಸಿದರೆ ತಿಂಗಳಿಗೆ ಸುಮಾರು 20 ಯೂನಿಟ್ ಉಳಿಯುತ್ತದೆ. ಅಂದರೆ 200 ರೂಪಾಯಿ. ಮೂರು ಸಾವಿರದ ಫ್ಯಾನ್ ಹದಿನೈದು ತಿಂಗಳಲ್ಲಿ ತನ್ನ ದುಡ್ಡು ತಾನೇ ತೀರಿಸುತ್ತದೆ. ಅದೇ ಫ್ಯಾನನ್ನು ದಿನಕ್ಕೆ ಎರಡೇ ಗಂಟೆ ಬಳಸುವ ಕೋಣೆಗೆ ಹಾಕಿದರೆ ತಿಂಗಳಿಗೆ ಉಳಿಯುವುದು 27 ರೂಪಾಯಿ. ಒಂಬತ್ತು ವರ್ಷ ಕಾಯಬೇಕು. ಆದ್ದರಿಂದ ‘ಎಲ್ಲ ಫ್ಯಾನೂ ಒಟ್ಟಿಗೆ ಬದಲಿಸಿ, ಡಿಸ್ಕೌಂಟ್ ಕೊಡ್ತೇನೆ’ ಎನ್ನುವ ಅಂಗಡಿಯವನಿಗೆ ನಗುತ್ತ ಕೈಮುಗಿಯಿರಿ. ಜಾಸ್ತಿ ಓಡುವ ಎರಡನ್ನು ಮಾತ್ರ ತನ್ನಿ.

ಇದರ ತೊಂದರೆಯನ್ನೂ ಹೇಳಬೇಕು. ಹಳೆ ಫ್ಯಾನ್ ನಿಧಾನವಾದರೆ ಬೀದಿ ಮೂಲೆಯ ಎಲೆಕ್ಟ್ರಿಷಿಯನ್ ಕೆಪಾಸಿಟರ್ ಬದಲಿಸಿ ಹೋಗುತ್ತಾನೆ, ನೂರಿನ್ನೂರರಲ್ಲಿ ಕೆಲಸ ಮುಗಿಯಿತು. ಬಿಎಲ್‌ಡಿಸಿಯಲ್ಲಿ ಇರುವುದು ಸರ್ಕ್ಯೂಟ್ ಬೋರ್ಡ್. ಅದು ಕೆಟ್ಟರೆ ಕಂಪನಿಯವರೇ ಬರಬೇಕು. ವಾರಂಟಿ ಎಷ್ಟು ವರ್ಷ, ನಿಮ್ಮ ಏರಿಯಾದಲ್ಲಿ ಸರ್ವಿಸ್ ಇದೆಯೇ ಎಂದು ಕೇಳಿಯೇ ದುಡ್ಡು ಕೊಡಿ. ರಿಮೋಟ್ ಇರುವ ಮಾದರಿಗೆ ಗೋಡೆಯ ಹಳೆ ರೆಗ್ಯುಲೇಟರನ್ನು ಲೈನಿನಿಂದ ತೆಗೆಸಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ರಿಮೋಟ್ ಹುಡುಕುವುದೇ ಒಂದು ಕೆಲಸ. ಅಂಥವರಿಗೆ ಗೋಡೆ ಸ್ವಿಚ್ಚಿನಲ್ಲೇ ವೇಗ ಬದಲಿಸಬಹುದಾದ ಮಾದರಿಯೂ ಸಿಗುತ್ತದೆ. ಬಾಡಿಗೆ ಮನೆಯವರಿಗೂ ಫ್ಯಾನ್ ಒಳ್ಳೆಯದೇ. ಮಾಲೀಕರ ಹಳೆ ಫ್ಯಾನನ್ನು ಕಪಾಟಿನ ಮೇಲೆ ಸುತ್ತಿಡಿ, ಬಿಡುವಾಗ ಅದನ್ನು ಹಾಕಿ ನಿಮ್ಮದನ್ನು ಬಿಚ್ಚಿಕೊಂಡು ಹೋಗಿ.

ಏಸಿ: ಸ್ಟಾರಿಗಿಂತ ಮೊದಲು ಟನ್

ದೊಡ್ಡ ದುಡ್ಡು ಹೋಗುವುದು ಇಲ್ಲಿ, ಜನ ಅವಸರ ಪಡುವುದೂ ಇಲ್ಲೇ. ಏಸಿಯ ಮೇಲಿನ ಸ್ಟಾರ್ ಲೇಬಲಿನಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. ಅದು ವರ್ಷಕ್ಕೆ 1600 ಗಂಟೆ ಓಡಿದರೆ ಎಂಬ ಲೆಕ್ಕ. ನೀವು ಅಷ್ಟು ಓಡಿಸುತ್ತೀರಾ?

ಉದಾಹರಣೆಗೆ ಥ್ರೀ ಸ್ಟಾರ್ ಲೇಬಲಿನಲ್ಲಿ 1000 ಯೂನಿಟ್, ಫೈವ್ ಸ್ಟಾರಿನಲ್ಲಿ 780 ಇದೆ ಎಂದುಕೊಳ್ಳಿ. ಬೆಲೆಯಲ್ಲಿ ಎಂಟು ಸಾವಿರ ವ್ಯತ್ಯಾಸ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವ ಮನೆ, ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸೆಕೆಯಲ್ಲಿ ರಾತ್ರಿ ಎಂಟು ಗಂಟೆ ಏಸಿ. ಒಟ್ಟು 720 ಗಂಟೆ ಆಯಿತು. ಲೇಬಲಿನ 220 ಯೂನಿಟ್ ವ್ಯತ್ಯಾಸ ಇವರಿಗೆ ಸುಮಾರು 100 ಯೂನಿಟ್ ಮಾತ್ರ. ವರ್ಷಕ್ಕೆ ಸಾವಿರ ರೂಪಾಯಿ. ಎಂಟು ಸಾವಿರ ವಾಪಸ್ ಬರಲು ಎಂಟು ವರ್ಷ. ಮೇಲಿನ ಸ್ಲ್ಯಾಬಿನ ದರ ಹಿಡಿದರೂ ಐದಾರು ವರ್ಷ. ಇವರಿಗೆ ಥ್ರೀ ಸ್ಟಾರ್ ಇನ್ವರ್ಟರ್ ಏಸಿ ಸಾಕು. ಅದೇ ಮನೆಯಿಂದ ಕೆಲಸ ಮಾಡುವವರು, ಹಗಲೂ ರಾತ್ರಿ ಸೇರಿ ವರ್ಷಕ್ಕೆ 2000 ಗಂಟೆ ಓಡಿಸುವವರಾದರೆ 275 ಯೂನಿಟ್ ಉಳಿತಾಯ, ಮೂರು ವರ್ಷದೊಳಗೆ ದುಡ್ಡು ಬಂತು. ಇವರು ಫೈವ್ ಸ್ಟಾರ್ ಬಿಡಬಾರದು.

ಅದಕ್ಕಿಂತ ದೊಡ್ಡ ವಿಷಯ ಟನ್, ಅಂದರೆ ಏಸಿಯ ತಂಪು ಮಾಡುವ ಶಕ್ತಿ. ನಮ್ಮ ಉಪನಗರಗಳ ಬೆಡ್‌ರೂಮ್ ಹತ್ತು ಅಡಿ ಅಗಲ, ಹನ್ನೊಂದು ಅಡಿ ಉದ್ದ. ಅದಕ್ಕೆ ಒಂದು ಟನ್ ಸಾಕು. ಆದರೂ ‘ಇರಲಿ, ಬೇಗ ತಂಪಾಗಲಿ’ ಎಂದು ಒಂದೂವರೆ ಟನ್ ತರುತ್ತಾರೆ. ಕೋಣೆ ಬೇಗ ತಣ್ಣಗಾಗಿ ಯಂತ್ರ ಹಿಂದೆ ಸರಿಯುತ್ತದೆ, ಗಾಳಿಯಲ್ಲಿನ ತೇವ ಪೂರ್ತಿ ಹೋಗುವುದಿಲ್ಲ. ಚಳಿಯೂ ಜಿಗುಟೂ ಒಟ್ಟಿಗೆ. ಮುಂಬೈಯಲ್ಲಿ ನಮ್ಮನ್ನು ಕಾಡುವುದು ಅರ್ಧ ಬಿಸಿ, ಅರ್ಧ ತೇವ. ಒಂದು ಟನ್ನಿನ ಫೈವ್ ಸ್ಟಾರ್ ಬೇಕೋ, ಅದೇ ಬೆಲೆಗೆ ಒಂದೂವರೆ ಟನ್ನಿನ ಥ್ರೀ ಸ್ಟಾರ್ ಬೇಕೋ ಎಂಬ ಪ್ರಶ್ನೆ ಬಂದರೆ, ಸಣ್ಣ ಕೋಣೆಗೆ ನಾನು ಕಣ್ಣು ಮುಚ್ಚಿ ಮೊದಲನೆಯದನ್ನು ಹೇಳುತ್ತೇನೆ. ಕೊನೆಯ ಮಹಡಿ, ಪಡುವಣ ಗೋಡೆ ಇದ್ದರೆ ಮಾತು ಬೇರೆ. ಸಮುದ್ರದ ಹತ್ತಿರ, ಅಂದರೆ ವರ್ಸೋವಾ, ಭಾಯಂದರ್ ಅಥವಾ ಗೋವಾದ ಕರಾವಳಿಯಲ್ಲಿ ಇರುವವರು ತಾಮ್ರದ ಕಾಯಿಲ್ ಕೇಳಿ. ಉಪ್ಪುಗಾಳಿ ಹೊರಗಿನ ಯೂನಿಟ್ಟನ್ನು ತಿನ್ನುತ್ತದೆ.

ಹೊಸದೇ ಬೇಕೆಂದಿಲ್ಲದವರಿಗೆ ಖರ್ಚಿಲ್ಲದ ದಾರಿಯೂ ಇದೆ. ಸ್ಟಾರ್ ಮಾನದಂಡ ನಿಗದಿ ಮಾಡುವ ಇಂಧನ ದಕ್ಷತಾ ಬ್ಯೂರೋ ಪ್ರಕಾರ ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ಕರೆಂಟ್ ಉಳಿಯುತ್ತದೆ. 2020ರಿಂದ ಬರುವ ಏಸಿಗಳು ಆನ್ ಮಾಡಿದಾಗ 24ಕ್ಕೆ ನಿಲ್ಲುವಂತೆ ನಿಯಮ ಮಾಡಿದ್ದೂ ಇದಕ್ಕೇ. 18ಕ್ಕೆ ಇಟ್ಟರೆ ಕೋಣೆ ಬೇಗ ತಣ್ಣಗಾಗುವುದಿಲ್ಲ, ಯಂತ್ರ ಜಾಸ್ತಿ ಹೊತ್ತು ದುಡಿಯುತ್ತದೆ ಅಷ್ಟೇ. 26ಕ್ಕೆ ಇಟ್ಟು ಆ ಬಿಎಲ್‌ಡಿಸಿ ಫ್ಯಾನನ್ನು ಮೆಲ್ಲಗೆ ಬಿಡಿ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ, ಮುಂಬೈಯಲ್ಲಿ ಎಲ್ಲಿ ಏಳುತ್ತಿಲ್ಲ ಹೇಳಿ, ವಾರಕ್ಕೊಮ್ಮೆ.

ಪುಣೆಯವರಿಗೆ ಇನ್ನೊಂದು ದಾರಿ ಇದೆ, ಮುಂಬೈ ಗೋವಾದವರಿಗೆ ಇಲ್ಲ. ಅದು ಕೂಲರ್. ಏಪ್ರಿಲ್, ಮೇನಲ್ಲಿ ಪುಣೆಯ ಗಾಳಿ ಒಣಗಿರುತ್ತದೆ. ನೀರು ಆರಿ ತಂಪಾಗಲು ಅಂಥ ಗಾಳಿಯೇ ಬೇಕು. ಇನ್ನೂರು ವ್ಯಾಟಿನ ಒಳಗಿನ ಕೂಲರ್ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಕಾದದ್ದು ತೆರೆದ ಕಿಟಕಿ ಮತ್ತು ದಿನಾ ನೀರು ತುಂಬುವ ತಾಳ್ಮೆ. ಅದನ್ನೇ ಠಾಣೆಗೆ ತಂದಿಟ್ಟರೆ ಮನೆ ಮೀನು ಮಾರ್ಕೆಟ್ಟಿನ ಹಾಗೆ ತೊಪ್ಪೆಯಾಗುತ್ತದೆ.

ಫ್ರಿಜ್ ಮತ್ತು ಗೀಸರ್

ಫ್ರಿಜ್ ದಿನದ 24 ಗಂಟೆಯೂ ಪ್ಲಗ್ಗಿನಲ್ಲೇ. ಗಂಟೆ ಲೆಕ್ಕದಲ್ಲಿ ಇದನ್ನು ಮೀರಿಸುವವರಿಲ್ಲ. ಆದರೆ ಹಳೆ ಫ್ರಿಜ್ ಎಂದ ಮಾತ್ರಕ್ಕೆ ಹೊರಗೆ ಹಾಕಬೇಕಿಲ್ಲ. ಬಾಗಿಲಲ್ಲಿ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸುಮ್ನೆ ಜಾರಿ ಬಂದರೆ ಗ್ಯಾಸ್ಕೆಟ್, ಅಂದರೆ ಬಾಗಿಲಂಚಿನ ರಬ್ಬರ್ ಪಟ್ಟಿ, ಸತ್ತಿದೆ ಎಂದರ್ಥ. ಮೇಲೆ, ಕೆಳಗೆ, ಹಿಡಿಯ ಪಕ್ಕ, ಕೀಲಿನ ಪಕ್ಕ ನಾಲ್ಕೂ ಕಡೆ ನೋಡಿ. ಸಾಮಾನ್ಯವಾಗಿ ಕೆಳಗಿನ ಮೂಲೆಯಲ್ಲಿ ರಬ್ಬರ್ ಗಟ್ಟಿಯಾಗಿ ಕಪ್ಪು ಹಿಡಿದಿರುತ್ತದೆ. ಕೆಲವು ನೂರು ರೂಪಾಯಿಯಲ್ಲಿ ಹೊಸ ಗ್ಯಾಸ್ಕೆಟ್ ಬರುತ್ತದೆ. ಹಿಂಭಾಗಕ್ಕೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಡಿ. ಪುಟ್ಟ ಅಡುಗೆಮನೆಯಲ್ಲಿ ಒಲೆಯ ಪಕ್ಕಕ್ಕೆ ಒತ್ತಿ ನಿಲ್ಲಿಸಿದ ಫ್ರಿಜ್ ದಿನವಿಡೀ ಏದುಸಿರು ಬಿಡುತ್ತಿರುತ್ತದೆ.

ಅದಾದ ಮೇಲೂ ಸಂಶಯವಿದ್ದರೆ ಪ್ಲಗ್ಗಿಗೆ ಹಾಕುವ ಸಣ್ಣ ಯೂನಿಟ್ ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ. ಒಂದು ದಿನ ಹಾಕಿ ನೋಡಿ. ದಿನಕ್ಕೆ ಎರಡು ಯೂನಿಟ್ ತೋರಿಸಿದರೆ ಬದಲಿಸುವ ಮಾತಿಗೆ ಅರ್ಥವಿದೆ. ವರ್ಷಕ್ಕೆ 240 ಯೂನಿಟ್ ಲೇಬಲಿನ ಹೊಸದು ತಂದರೆ ತಿಂಗಳಿಗೆ 40 ಯೂನಿಟ್, 400 ರೂಪಾಯಿ ಉಳಿತಾಯ. 25 ಸಾವಿರದ ಫ್ರಿಜ್ ಸುಮಾರು ಐದು ವರ್ಷದಲ್ಲಿ ತನ್ನ ದುಡ್ಡು ತೀರಿಸುತ್ತದೆ. ಒಂದು ಯೂನಿಟ್ ಮಾತ್ರ ತೋರಿಸಿದರೆ ಇನ್ನೂ ಕೆಲವು ವರ್ಷ ಇಟ್ಟುಕೊಳ್ಳಿ. ಹಳೆಯದಕ್ಕೆ ಅಂಟಿಸಿದ ಸ್ಟಾರ್ ನಂಬಬೇಡಿ, ಬ್ಯೂರೋ ಆಗಾಗ ಮಾನದಂಡ ಬಿಗಿ ಮಾಡುತ್ತದೆ. ಅಂದಿನ ಫೈವ್ ಸ್ಟಾರ್ ಇಂದಿನ ಥ್ರೀ ಆಗಿರಬಹುದು. ಇಲ್ಲೇ ಇನ್ನೊಂದು ಮಾತು: ಸೆಟ್‌ಟಾಪ್ ಬಾಕ್ಸ್ ಟಿವಿ ಆರಿಸಿದರೂ ಹತ್ತು ಹನ್ನೆರಡು ವ್ಯಾಟ್ ಎಳೆಯುತ್ತಲೇ ಇರುತ್ತದೆ, ತಿಂಗಳಿಗೆ ಏಳೆಂಟು ಯೂನಿಟ್. ಸ್ವಿಚ್ ಆರಿಸಿ ಮಲಗಿ, ದುಡ್ಡು ಬೇಡ.

ಗೀಸರ್ ವಿಷಯದಲ್ಲಿ ಊರು ನೋಡಿ ನಿರ್ಧರಿಸಿ. ಮುಂಬೈಯ ನಲ್ಲಿ ನೀರು ಅಂಥ ತಣ್ಣಗೇನೂ ಇರುವುದಿಲ್ಲ. 27 ಡಿಗ್ರಿಯ 20 ಲೀಟರ್ ಬಕೆಟ್ಟನ್ನು 42ಕ್ಕೆ ತರಲು ಮೂರನೇ ಒಂದು ಯೂನಿಟ್ ಸಾಕು. ಪುಣೆಯ ಜನವರಿಯಲ್ಲಿ 20 ಡಿಗ್ರಿಯಿಂದ ಶುರುವಾದರೆ ಅರ್ಧ ಯೂನಿಟ್. ಕಾಯಿಸುವ ಖರ್ಚು ಯಾವ ಎಲೆಕ್ಟ್ರಿಕ್ ಗೀಸರ್ ಆದರೂ ಅಷ್ಟೇ. ಸ್ಟಾರ್ ಲೇಬಲ್ ಹೇಳುವುದು ಕಾಯಿಸಿಟ್ಟ ನೀರು ಎಷ್ಟು ಬೇಗ ಆರುತ್ತದೆ ಎಂಬುದನ್ನು. ಬೆಳಿಗ್ಗೆ ಹಾಕಿ, ಎಲ್ಲರೂ ಸಾಲಾಗಿ ಸ್ನಾನ ಮುಗಿಸಿ ಆರಿಸುವ ಮನೆಗೆ ಸ್ಟಾರ್ ದೊಡ್ಡ ವಿಷಯವಲ್ಲ. ಪೈಪ್ ಗ್ಯಾಸ್ ಇರುವ ಮನೆಗಳಲ್ಲಿ ಗ್ಯಾಸ್ ಗೀಸರ್ ಖರ್ಚು ಕಡಿಮೆ ಬೀಳುತ್ತದೆ, ಆದರೆ ಮುಚ್ಚಿದ ಬಾತ್‌ರೂಮಿನೊಳಗೆ ಎಂದೂ ಬೇಡ. ಗಾಳಿಯಾಡದ ಕಡೆ ಗ್ಯಾಸ್ ಉರಿದಾಗ ತುಂಬುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಜೀವ ಹೋಗುತ್ತದೆ. ಹೊರಗಿನ ಬಾಲ್ಕನಿಯಲ್ಲಿ ಗಾಳಿಯಾಡುವಂತೆ ಹಾಕಲು ಜಾಗವಿದ್ದರೆ ಮಾತ್ರ ಆ ಯೋಚನೆ.

ಬಿಸಿಲನ್ನೇ ಹೊರಗೆ ನಿಲ್ಲಿಸುವುದು

ಪಡುವಣ ಕಿಟಕಿಯ ಒಳಗೆ ದಪ್ಪ ಪರದೆ ಹಾಕಿದರೆ ಬೆಳಕು ನಿಲ್ಲುತ್ತದೆ, ಬಿಸಿ ಅಷ್ಟಾಗಿ ನಿಲ್ಲುವುದಿಲ್ಲ. ಗಾಜು ದಾಟಿದ ಮೇಲೆ ಅದು ಮನೆಯೊಳಗಿನ ಬಿಸಿಯೇ. ಗಾಜಿನ ಹೊರಗೆ ಬಿದಿರಿನ ಪರದೆ (ಚಿಕ್) ಇಳಿಬಿಟ್ಟರೆ ಗುಣ ಹೆಚ್ಚು, ಗ್ರಿಲ್‌ಗೆ ಕಟ್ಟಬಹುದು, ಬಾಡಿಗೆಯವರು ಬಿಚ್ಚಿಕೊಂಡೂ ಹೋಗಬಹುದು. ಹೊರ ನೋಟ ಕೆಡುತ್ತದೆ ಎಂದು ಕೆಲವು ಹೌಸಿಂಗ್ ಸೊಸೈಟಿಗಳು ಬಿಡುವುದಿಲ್ಲ. ಅಲ್ಲಿ ಗಾಜಿಗೆ ಅಂಟಿಸುವ ಫಿಲ್ಮ್ ಎರಡನೇ ಆಯ್ಕೆ.

ಕೊನೆಯ ಮಹಡಿಯವರ ಕಷ್ಟ ಕಿಟಕಿಯದ್ದಲ್ಲ, ತಲೆ ಮೇಲಿನ ಸ್ಲ್ಯಾಬಿನದ್ದು. ಹಗಲೆಲ್ಲ ಕಾದ ಕಾಂಕ್ರೀಟ್ ರಾತ್ರಿ ಹನ್ನೊಂದಕ್ಕೂ ಕೆಳಗೆ ಬಿಸಿ ಬಿಡುತ್ತಿರುತ್ತದೆ. ಏಸಿ ಎಷ್ಟು ಸ್ಟಾರಿನದಾದರೂ ಅದರ ಜೊತೆ ಜಗಳಾಡುತ್ತಲೇ ಇರಬೇಕು. ಇಲ್ಲಿ ಮೊದಲ ದುಡ್ಡು ಟೆರೇಸಿಗೆ. ಸುಣ್ಣ ಅತಿ ಅಗ್ಗ, ಆದರೆ ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ, ಪ್ರತಿ ಫೆಬ್ರವರಿಯಲ್ಲಿ ಮತ್ತೆ ಹೊಡೆಯಬೇಕು. ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಪೇಂಟ್ ಕೆಲವು ವರ್ಷ ಬಾಳುತ್ತದೆ. ಸೊಸೈಟಿ ಹೇಗೂ ವಾಟರ್‌ಪ್ರೂಫಿಂಗ್ ಮಾಡಿಸುತ್ತಿದ್ದರೆ ಮೇಲಿನ ಕೋಟು ಬಿಳಿಯದೇ ಇರಲಿ ಎಂದು ಹೇಳಿ. ಹೆಚ್ಚಿನ ಖರ್ಚು ಅಲ್ಪ, ಲಾಭ ಕೊನೆಯ ಮಹಡಿಯ ಎಲ್ಲ ಮನೆಗೂ.

ಸೋಲಾರ್

ಮನೆಯ ಮೇಲೆ ಸೋಲಾರ್ ಹಾಕಿಸುವವರಿಗೆ ಕೇಂದ್ರ ಸರ್ಕಾರದ 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ ಎಂದು ನಿಗದಿಯಾಯಿತು. ಮೂರಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಮಳೆಗಾಲದಲ್ಲಿ ಇನ್ನೂ ಕಡಿಮೆ. ನೆರಳಿಲ್ಲದ ನೂರು ಚದರ ಅಡಿ ಬೇಕು. ಪುಣೆಯಲ್ಲಿ ಬಂಗಲೆ ಇರುವವರಿಗೆ, ಗೋವಾದಲ್ಲಿ ಸ್ವಂತ ಮನೆ ಇರುವವರಿಗೆ, ಬಿಲ್ 300 ಯೂನಿಟ್ ದಾಟುತ್ತಿದ್ದರೆ ಇದು ನೇರ ಲಾಭ. ಮೂರು ಕಿಲೋವ್ಯಾಟಿಗೆ ಸಬ್ಸಿಡಿ ಕಳೆದು ಒಂದು ಲಕ್ಷದ ಚಿಲ್ಲರೆ ಕೈಯಿಂದ ಬಿದ್ದರೂ ಯೂನಿಟ್‌ಗೆ 10 ರೂಪಾಯಿ ಲೆಕ್ಕದಲ್ಲಿ ಮೂರ್ನಾಲ್ಕು ವರ್ಷದಲ್ಲಿ ಬರುತ್ತದೆ. ಬಿಲ್ಲೇ 120 ಯೂನಿಟ್ ಇರುವ ಮನೆಗೆ ಬೇಡ, ಎರಡು ಫ್ಯಾನ್ ಸಾಕು.

ಮುಂಬೈ ಫ್ಲ್ಯಾಟಿನಲ್ಲಿ ಟೆರೇಸ್ ಯಾರೊಬ್ಬರದೂ ಅಲ್ಲ. ಅಲ್ಲಿ ಹೊಂದುವುದು ಸೊಸೈಟಿಯ ಮೀಟರಿಗೆ ಸೋಲಾರ್, ಅಂದರೆ ಲಿಫ್ಟ್, ಪಂಪ್, ಮೆಟ್ಟಿಲ ದೀಪಕ್ಕೆ. ಇದಕ್ಕೂ ಅದೇ ಯೋಜನೆಯಲ್ಲಿ ಕಿಲೋವ್ಯಾಟಿಗೆ 18,000 ಇದೆ. 10 ಕಿಲೋವ್ಯಾಟ್ ತಿಂಗಳಿಗೆ ಸುಮಾರು 1200 ಯೂನಿಟ್ ಕೊಟ್ಟರೆ, ನಲವತ್ತು ಮನೆಯ ಕಟ್ಟಡದಲ್ಲಿ ಮನೆಗೆ 300 ರೂಪಾಯಿಯಷ್ಟು ಮೆಂಟೆನೆನ್ಸ್ ಹಗುರ. ನೀರಿನ ಟ್ಯಾಂಕ್ ಮತ್ತು ಲಿಫ್ಟ್ ರೂಮಿನ ನೆರಳು ಬಿಟ್ಟು ಸಾವಿರ ಚದರ ಅಡಿ ಉಳಿಯುತ್ತದೆಯೇ ಎಂದು ಮಧ್ಯಾಹ್ನ ಮೂರಕ್ಕೆ ಮೇಲೆ ಹತ್ತಿ ನೋಡಿ. ಆಮೇಲೆ ಸಭೆಯಲ್ಲಿ ಠರಾವು.

ಹಾಗಾದರೆ ನಿಮಗೆ ಯಾವುದು

ಸಾವಿರ ರೂಪಾಯಿ ಇದ್ದರೆ ಗ್ಯಾಸ್ಕೆಟ್ ಮತ್ತು ಟ್ಯೂಬ್‌ಲೈಟ್. ಐದಾರು ಸಾವಿರ ಇದ್ದರೆ ಜಾಸ್ತಿ ಓಡುವ ಎರಡು ಫ್ಯಾನ್. ನಲವತ್ತು ಸಾವಿರ ಇದ್ದು ಏಸಿ ಹೇಗೂ ಸಾಯುವ ಹಂತದಲ್ಲಿದ್ದರೆ ಸರಿಯಾದ ಟನ್ನಿನದು. ಚೆನ್ನಾಗಿ ಓಡುತ್ತಿರುವ ಏಸಿಯನ್ನು ಬರೀ ಸ್ಟಾರಿಗಾಗಿ ತೆಗೆದುಹಾಕುವುದು ವರ್ಷಕ್ಕೆ ಮೂರು ತಿಂಗಳು ಓಡಿಸುವವರಿಗೆ ನಷ್ಟವೇ. ಬಾಡಿಗೆಯವರು ಟ್ಯೂಬ್‌ಲೈಟ್, ಫ್ಯಾನ್, ಬಿದಿರಿನ ಪರದೆ, ಬೇಕಾದರೆ ಫ್ರಿಜ್, ಇಷ್ಟರಲ್ಲೇ ನಿಲ್ಲಿ. ಕೊನೆಯ ಮಹಡಿಯವರು ಟೆರೇಸಿಗೆ ಬಣ್ಣ ಹೊಡೆಸದೆ ಏಸಿ ಅಂಗಡಿಗೆ ಕಾಲಿಡಬೇಡಿ.

ಹಳೆ ಕಟ್ಟಡದವರು ಒಂದು ವಿಚಾರಿಸಿಕೊಳ್ಳಬೇಕು. ಮೂವತ್ತು ನಲವತ್ತು ವರ್ಷದ ಬಿಲ್ಡಿಂಗ್ ಆಗಿದ್ದು ರೀಡೆವಲಪ್‌ಮೆಂಟ್, ಅಂದರೆ ಕೆಡವಿ ಹೊಸದು ಕಟ್ಟುವ ಮಾತು ಶುರುವಾಗಿದ್ದರೆ ಬಿಲ್ಡರ್ ಜೊತೆ ಮಾತು ಎಲ್ಲಿಗೆ ಬಂತು ಎಂದು ಸೆಕ್ರೆಟರಿಯನ್ನು ಕೇಳಿ. ಎರಡು ಮೂರು ವರ್ಷದಲ್ಲಿ ಮನೆ ಖಾಲಿ ಮಾಡಬೇಕಾಗಿ ಬರುವಂತಿದ್ದರೆ ಟೆರೇಸ್ ಪೇಂಟ್, ಸೋಲಾರ್, ಹೊಸ ಕಿಟಕಿ ಯಾವುದಕ್ಕೂ ಕೈ ಹಾಕಬೇಡಿ. ಸುಣ್ಣ ಹೊಡೆಸಿ ಕಾಲ ತಳ್ಳಿ, ಫ್ಯಾನ್ ಮಾತ್ರ ಇವತ್ತೇ ತನ್ನಿ.